ಮಚ್ಚೆ ಮುಚ್ಚದಷ್ಟೇ ಫೌಂಡೇಶನ್: ನಾಲ್ಕು ತಿಂಗಳು ಬಳಸಿದ ಮೇಲೆ

ಎರಡನೇ ಹೆರಿಗೆಯ ನಂತರ ನನ್ನ ಕೆನ್ನೆಗಳ ಮೇಲೆ ಬಂಗು ಬಂತು. ಬಲಗಡೆ ಜಾಸ್ತಿ, ಎಡಗಡೆ ಸ್ವಲ್ಪ ಕಡಿಮೆ. ಜೊತೆಗೆ ಕಣ್ಣಿನ ಕೆಳಗೆ ಕಪ್ಪು, ಗದ್ದದ ಮೇಲೆ ಹಳೇ ಮೊಡವೆ ಕಲೆಗಳು. ಬೆಳ್ಳಗಾಗಬೇಕು ಅನ್ನುವ ಆಸೆ ನನಗೆ ಯಾವತ್ತೂ ಇರಲಿಲ್ಲ. ನನ್ನದೇ ಬಣ್ಣ ಮುಖದ ತುಂಬ ಒಂದೇ ಸಮ ಕಂಡರೆ ಸಾಕಿತ್ತು.

ಈಗ ಬಳಸುತ್ತಿರುವುದು 30 ಮಿಲಿ ಗಾಜಿನ ಬಾಟಲಿಯ ಲಿಕ್ವಿಡ್ ಫೌಂಡೇಶನ್. ಪಂಪ್ ಇದೆ, ಮೀಡಿಯಂ ಕವರೇಜ್ (ಅಂದರೆ ಕಲೆಗಳನ್ನು ಪೂರ್ತಿ ಅಲ್ಲ, ಒಂದು ಮಟ್ಟಿಗೆ ಮುಚ್ಚುವಂಥದ್ದು), ಶೇಡ್ ಹೆಸರಿನ ಜೊತೆ ‘ವಾರ್ಮ್’, ಅಂದರೆ ಹಳದಿ ಛಾಯೆಯದ್ದು, ಅಂತ ಬರೆದಿದೆ. ವಾರಕ್ಕೆ ಐದು ದಿನ, ನಾಲ್ಕು ತಿಂಗಳಿಂದ ಹಚ್ಚುತ್ತಿದ್ದೇನೆ. ಬ್ರ್ಯಾಂಡ್ ಹೆಸರು ಬರೆಯುತ್ತಿಲ್ಲ. ನನ್ನ ಮುಖಕ್ಕೆ ಹೊಂದಿದ್ದು ನಿಮ್ಮ ಮುಖಕ್ಕೂ ಹೊಂದುತ್ತದೆ ಅಂತಿಲ್ಲ ಅಲ್ವಾ? ಈ ತರಹದ್ದನ್ನು ಬಳಸಿದರೆ ಏನಾಗುತ್ತದೆ ಅನ್ನುವುದು ಗೊತ್ತಾದರೆ ಸಾಕು.

ಇದಕ್ಕೂ ಮೊದಲು ತಂದಿದ್ದ ಬಾಟಲಿ ಪೂರ್ತಿ ದಂಡವಾಯಿತು. ಅಂಗಡಿಯ ಬಿಳಿ ದೀಪದ ಕೆಳಗೆ ಅಂಗೈ ಹಿಂಭಾಗಕ್ಕೆ ಹಚ್ಚಿ, ‘ಇದೇ ನಿಮ್ಮ ಶೇಡ್’ ಅಂದರು. ನಂಬಿದೆ. ಮನೆಗೆ ಬಂದು ಕಿಟಕಿ ಹತ್ತಿರ ಕನ್ನಡಿ ಹಿಡಿದರೆ ಮುಖಕ್ಕೆ ಬೂದಿ ಬಳಿದ ಹಾಗಿತ್ತು, ಕುತ್ತಿಗೆ ಬೇರೆಯವರದ್ದು ಅನ್ನಿಸುವಂತಿತ್ತು. ನನ್ನ ಚರ್ಮದಲ್ಲಿ ಹಳದಿ ಛಾಯೆ ಇದೆ, ಆ ಶೇಡ್‌ನಲ್ಲಿ ಗುಲಾಬಿ ಛಾಯೆ ಇತ್ತು. ಮೇಲಾಗಿ ನನ್ನ ಬಣ್ಣಕ್ಕಿಂತ ತಿಳಿ. ಫೌಂಡೇಶನ್‌ಗೆ ಬಿಳುಪು ಕೊಡುವುದು ಟೈಟಾನಿಯಂ ಡೈಆಕ್ಸೈಡ್. ನಮ್ಮ ಬಣ್ಣಕ್ಕಿಂತ ತಿಳಿ ಶೇಡ್ ಹಚ್ಚಿದಾಗ ಆ ಬಿಳುಪೇ ಬೂದಿಯಾಗಿ ಎದ್ದು ಕಾಣುತ್ತದೆ.

ಹಾಗಾಗಿ ಈ ಸಲ ಮೂರು ಶೇಡ್‌ಗಳನ್ನು ದವಡೆಯ ಅಂಚಿನಿಂದ ಕುತ್ತಿಗೆಯ ಕಡೆಗೆ ಗೆರೆ ಎಳೆದು, ಬಯಲಿನ ಬೆಳಕಿಗೆ ಹೋಗಿ ಅರ್ಧ ಗಂಟೆ ಕಾದೆ. ಕಾಯುವುದು ತುಂಬಾ ಮುಖ್ಯ. ಫೌಂಡೇಶನ್‌ನ ಹಳದಿ, ಕೆಂಪು, ಕಪ್ಪು ಬಣ್ಣಗಳು ಐರನ್ ಆಕ್ಸೈಡ್‌ನವು. ಚರ್ಮದ ಜಿಡ್ಡು ಬೆರೆಯುತ್ತಾ ಹೋದಂತೆ ಬಣ್ಣ ಗಾಢವಾಗಿ ಕಾಣಬಹುದು. ನಾನು ಮೊದಲು ಇಷ್ಟಪಟ್ಟ ಗೆರೆ ಅರ್ಧ ಗಂಟೆಯಲ್ಲಿ ಕಿತ್ತಳೆ ಬಣ್ಣಕ್ಕೆ ತಿರುಗಿತ್ತು. ಮಧ್ಯದ ಗೆರೆ ಎಲ್ಲಿದೆ ಅಂತ ಹುಡುಕಬೇಕಾಯಿತು. ಅದನ್ನೇ ತಗೊಂಡೆ.

ಮುಖಕ್ಕೆಲ್ಲ ಅರ್ಧ ಪಂಪ್ ಸಾಕು. ಬೇಸರದ ವಿಷಯ ಅಂದರೆ ಈ ಪಂಪ್ ಅರ್ಧಕ್ಕೆ ನಿಲ್ಲುವುದಿಲ್ಲ. ಒತ್ತಿದರೆ ಪುಸಕ್ಕನೆ ಜಾಸ್ತಿಯೇ ಬರುತ್ತದೆ, ಉಳಿದದ್ದು ವ್ಯರ್ಥ.

ಕಲೆ ಮುಚ್ಚಲು ನಾನು ಫೌಂಡೇಶನ್ ನಂಬಿಲ್ಲ. ಇಡೀ ಮುಖಕ್ಕೆ ಎರಡು ಮೂರು ಪದರ ಹಚ್ಚಿದರೆ ಬಂಗು ಮುಚ್ಚುತ್ತದೆ ನಿಜ, ಆದರೆ ಚರ್ಮವೇ ಕಾಣುವುದಿಲ್ಲ. ಅದರ ಬದಲು ಕಣ್ಣಿನ ಕೆಳಗೆ ಮತ್ತು ಬಂಗಿನ ಮೇಲೆ ಮಾತ್ರ ಕಿತ್ತಳೆ ಬಣ್ಣದ ಕರೆಕ್ಟರ್ ಅನ್ನು ಉಂಗುರ ಬೆರಳಿನ ತುದಿಯಿಂದ ಒತ್ತುತ್ತೇನೆ. ಉಜ್ಜುವುದಿಲ್ಲ, ಬರೀ ತಟ್ಟುವುದು. ಬೆರಳಿನ ಬಿಸಿಗೆ ಅದು ಕರಗಿ ಚರ್ಮಕ್ಕೆ ಕೂರುತ್ತದೆ. ಕಿತ್ತಳೆ ಬಣ್ಣ ಚರ್ಮದ ನೀಲಿ, ಬೂದು ಛಾಯೆಯನ್ನು ಹೊಡೆದುಹಾಕುತ್ತದೆ. ಇದಾದ ಮೇಲೆ ಒದ್ದೆ ಮಾಡಿ ಹಿಂಡಿದ ಸ್ಪಂಜ್‌ನಿಂದ ಫೌಂಡೇಶನ್ ತೆಳ್ಳಗೆ ಹಚ್ಚಿದರೆ ಮುಗಿಯಿತು.

ನನ್ನ ಮೇಲ್ದುಟಿಯ ಪಕ್ಕ ಒಂದು ಸಣ್ಣ ಮಚ್ಚೆ ಇದೆ. ನನಗೆ ಅದೇ ಅಳತೆ. ಫೌಂಡೇಶನ್ ಹಚ್ಚಿದ ಮೇಲೂ ಮಚ್ಚೆ ಕಂಡರೆ ಸರಿಯಾಗಿದೆ ಅಂತ ಅರ್ಥ. ಮಸುಕಾದರೆ ಒಣ ಸ್ಪಂಜ್‌ನಿಂದ ಮತ್ತೆ ತಟ್ಟಿ ತೆಗೆಯುತ್ತೇನೆ.

ಬಾಟಲಿಯ ಮೇಲೆ ಎಸ್‌ಪಿಎಫ್ (ಬಿಸಿಲಿನಿಂದ ಎಷ್ಟು ರಕ್ಷಣೆ ಅನ್ನುವ ಅಳತೆ) 15 ಅಂತ ಇದೆ. ದಯವಿಟ್ಟು ಅದನ್ನು ನಂಬಿ ಸನ್‌ಸ್ಕ್ರೀನ್ ಬಿಡಬೇಡಿ. ಎಸ್‌ಪಿಎಫ್ ಅಳೆಯುವಾಗ ಚರ್ಮದ ಒಂದು ಚದರ ಸೆಂಟಿಮೀಟರ್‌ಗೆ 2 ಮಿಲಿಗ್ರಾಂ ಹಚ್ಚಿ ಅಳೆಯುತ್ತಾರೆ. ಅರ್ಧ ಪಂಪ್‌ನಲ್ಲಿ ಅದರ ಹತ್ತಿರಕ್ಕೂ ಹೋಗುವುದಿಲ್ಲ. ಬಂಗು ಇರುವವರಿಗೆ ಇನ್ನೊಂದು ಮಾತು: ಯುವಿ ಕಿರಣ ಮಾತ್ರವಲ್ಲ, ಕಣ್ಣಿಗೆ ಕಾಣುವ ಬೆಳಕಿನಿಂದಲೂ ಬಂಗು ಗಾಢವಾಗುತ್ತದೆ. ಆ ಬೆಳಕನ್ನು ತಡೆಯುವುದರಲ್ಲಿ ಐರನ್ ಆಕ್ಸೈಡ್ ಸಹಾಯ ಮಾಡುತ್ತದೆ. ಅದಕ್ಕೇ ನಾನು ಫೌಂಡೇಶನ್‌ಗೂ ಮೊದಲು ಐರನ್ ಆಕ್ಸೈಡ್ ಬಣ್ಣ ಬೆರೆತ ಸನ್‌ಸ್ಕ್ರೀನನ್ನೇ ಧಾರಾಳವಾಗಿ ಹಚ್ಚುತ್ತೇನೆ.

ಈ ಸನ್‌ಸ್ಕ್ರೀನ್ ಒಣಗುವ ಮುಂಚೆ ಫೌಂಡೇಶನ್ ಹಚ್ಚಿದರೆ ಮಾತ್ರ ಕೆಲಸ ಕೆಟ್ಟಿತು. ಒಂದು ದಿನ ಆಫೀಸಿನಲ್ಲಿ ಮೀಟಿಂಗ್ ಇತ್ತು, ಅವಸರದಲ್ಲಿ ಎರಡೇ ನಿಮಿಷ ಬಿಟ್ಟು ಹಚ್ಚಿದೆ. ಹಣೆಯ ಮೇಲೆ ರಬ್ಬರ್‌ನಿಂದ ಅಳಿಸಿದಾಗ ಬರುತ್ತದಲ್ಲ, ಹಾಗೆ ಸಣ್ಣ ಸಣ್ಣ ಸುರುಳಿ ಎದ್ದವು. ಪೂರ್ತಿ ತೊಳೆದು ಮೊದಲಿನಿಂದ ಶುರು ಮಾಡಬೇಕಾಯಿತು. ಈಗ ಹದಿನೈದು ನಿಮಿಷ ಬಿಡುತ್ತೇನೆ, ಆ ತೊಂದರೆ ಮತ್ತೆ ಬಂದಿಲ್ಲ.

ಬೆಳಿಗ್ಗೆ ಎಂಟಕ್ಕೆ ಹಚ್ಚಿದ್ದು ಮಧ್ಯಾಹ್ನ ಎರಡರವರೆಗೆ ಚೆನ್ನಾಗಿರುತ್ತದೆ. ಆಮೇಲೆ ಮೂಗಿನ ಪಕ್ಕದ ಮಡಿಕೆಯಲ್ಲಿ ಬಿರುಕು ಬಿಡುತ್ತದೆ. ಪೌಡರ್ ಅನ್ನು ಹಣೆ, ಮೂಗು, ಗದ್ದಕ್ಕೆ ಮಾತ್ರ ಹಾಕುತ್ತೇನೆ. ಕೆನ್ನೆಗೂ ಹಾಕಿದರೆ ಜೀವಕಳೆ ಹೋಗುತ್ತದೆ. ಜಿಡ್ಡು ಬಂದಾಗ ಮೇಲೆ ಮೇಲೆ ಪೌಡರ್ ಬೇಡ, ಟಿಶ್ಯೂ ಒತ್ತಿ ಜಿಡ್ಡು ತೆಗೆದರೆ ಸಾಕು.

ತೀರಾ ಒಣ ಚರ್ಮದವರಿಗೆ ನಾನು ಇದನ್ನು ಹೇಳುವುದಿಲ್ಲ, ನನ್ನ ತುಟಿಯ ಸುತ್ತಲೇ ಚಳಿಯಲ್ಲಿ ಒಣ ಚರ್ಮದ ಸಿಪ್ಪೆ ಎದ್ದು ಕಂಡಿತು. ಸಾಮಾನ್ಯ ಚರ್ಮ ಅಥವಾ ಸ್ವಲ್ಪ ಎಣ್ಣೆ ಚರ್ಮ ಇದ್ದರೆ ಧೈರ್ಯವಾಗಿ ತಗೊಳ್ಳಿ. ಮೊನ್ನೆ ತಂಗಿ ಮನೆಗೆ ಬಂದವಳು ಹತ್ತಿರ ಕೂತು ಅರ್ಧ ಗಂಟೆ ಮಾತಾಡಿದಳು. ಹೊರಡುವಾಗ ‘ಅಕ್ಕಾ, ಬಂಗು ಕಡಿಮೆಯಾಗಿದೆ, ಯಾವ ಡಾಕ್ಟರ್ ಹತ್ರ ಹೋಗಿದ್ದೆ?’ ಅಂತ ಕೇಳಿದಳು. ಡ್ರಾಯರ್ ತೆಗೆದು ಈ ಬಾಟಲಿ ತೋರಿಸಿದೆ.