ಪರರ ಜಾಗದಲ್ಲಿ ಗಾಯಗೊಂಡಾಗ: ರಾಜಿ, ಮಧ್ಯಸ್ಥಿಕೆ, ದಾವೆ

ಬೇರೆಯವರ ಕಟ್ಟಡದಲ್ಲಿ ಒದ್ದೆ ನೆಲದ ಮೇಲೆ ಜಾರಿಯೋ ಕಂಬಿಯಿಲ್ಲದ ಮೆಟ್ಟಿಲಿನಿಂದ ಉರುಳಿಯೋ ಗಾಯಗೊಂಡವರಿಗೆ ಮುಖ್ಯವಾಗಿ ಮೂರು ದಾರಿಗಳಿವೆ: ಮಾಲೀಕರೊಂದಿಗೆ ಅಥವಾ ಅವರ ವಿಮಾ ಕಂಪನಿಯೊಂದಿಗೆ ನೇರ ರಾಜಿ, ಮಧ್ಯಸ್ಥಿಕೆ (ತಟಸ್ಥ ಮೂರನೆಯವರ ನೆರವಿನಿಂದ ಒಪ್ಪಂದಕ್ಕೆ ಬರುವುದು) ಮತ್ತು ಸಿವಿಲ್ ದಾವೆ.

ಖರ್ಚು, ಸಮಯಗಳನ್ನು ನೋಡಿದರೆ ರಾಜಿಯೇ ಹಗುರ. ದಾವೆಗೆ ನ್ಯಾಯಾಲಯ ಶುಲ್ಕ, ವಕೀಲರ ಫೀಸು, ಕೆಲವೊಮ್ಮೆ ವರ್ಷಗಳ ತಾಳ್ಮೆ ಬೇಕು. ಆದರೆ ರಾಜಿಪತ್ರಕ್ಕೆ ಸಹಿ ಹಾಕಿದ ಮೇಲೆ ಸಾಮಾನ್ಯವಾಗಿ ಮತ್ತೇನನ್ನೂ ಕೇಳುವಂತಿಲ್ಲ. ಮೊದಲ ವಾರ ಬರಿಯ ಊತವೆಂದು ಕಂಡ ಮಂಡಿಯ ಪೆಟ್ಟು ತಿಂಗಳುಗಳ ಬಳಿಕ ಶಸ್ತ್ರಚಿಕಿತ್ಸೆಯವರೆಗೂ ಹೋಗಬಹುದಾದ್ದರಿಂದ, ವೈದ್ಯರು ಗಾಯದ ಪೂರ್ಣ ಸ್ವರೂಪವನ್ನು ತಿಳಿಸುವ ಮುನ್ನ ಸಹಿ ಹಾಕಲೇಬೇಡಿ ಎಂಬುದು ನನ್ನ ಖಚಿತ ಅಭಿಪ್ರಾಯ.

ಸಾಕ್ಷ್ಯದ ಹೊರೆ ದಾವೆಯಲ್ಲಿ ಹೆಚ್ಚು: ಅಪಾಯವು ಮಾಲೀಕರಿಗೆ ತಿಳಿದಿತ್ತು ಅಥವಾ ತಿಳಿದಿರಬೇಕಿತ್ತು, ಆದರೂ ಸರಿಪಡಿಸಲಿಲ್ಲ ಎಂಬುದನ್ನು ತೋರಿಸಬೇಕಾಗುತ್ತದೆ, ನಿಮ್ಮ ಅಜಾಗರೂಕತೆಯೂ ಸೇರಿದ್ದರೆ ಪರಿಹಾರ ತಗ್ಗಬಹುದು. ಸಿಸಿಟಿವಿ ದೃಶ್ಯಗಳು ಕೆಲವೇ ದಿನಗಳಲ್ಲಿ ಅಳಿಸಿಹೋಗುವುದುಂಟು; ಅವನ್ನು ಉಳಿಸಿಡುವಂತೆ ಕೂಡಲೇ ಲಿಖಿತವಾಗಿ ಕೋರಿ, ಸ್ಥಳದ ಫೋಟೊ ತೆಗೆದಿಡಿ.

ಗಾಯ ಸಣ್ಣದಿದ್ದು ಮಾಲೀಕರು ಹೊಣೆಯನ್ನು ಒಪ್ಪಿಕೊಂಡಿದ್ದರೆ ರಾಜಿ ಸಾಕು. ಮೊತ್ತದ ಬಗ್ಗೆಯಷ್ಟೇ ತಕರಾರಿದ್ದು, ಆ ಮಾಲೀಕರೊಂದಿಗೆ ಸಂಬಂಧ ಉಳಿಯಬೇಕಾದ ಬಾಡಿಗೆದಾರರಿಗೆ ಮಧ್ಯಸ್ಥಿಕೆ ಹಿತ. ಶಾಶ್ವತ ಅಂಗವೈಕಲ್ಯವಾಗಿದ್ದರೆ, ಇಲ್ಲವೇ ಹೊಣೆಯನ್ನೇ ನಿರಾಕರಿಸಿದರೆ, ದಾವೆಯತ್ತ ನೋಡಬೇಕು. ಮಾತುಕತೆ ನಡೆದಿದೆಯೆಂದು ದಾವೆ ಹೂಡುವ ಕಾಲಮಿತಿ ತಾನಾಗಿ ನಿಲ್ಲುವುದಿಲ್ಲ. ಜಾಗ ಸರ್ಕಾರಿ ಸಂಸ್ಥೆಯದಾಗಿದ್ದರೆ ದಾವೆಗೆ ಮುನ್ನ ಕೊಡಬೇಕಾದ ನೋಟಿಸಿನ ಗಡುವು ಇನ್ನೂ ಚಿಕ್ಕದಿರಬಹುದು.