ಏರ್‌ಬ್ರಶ್ ಕೊಂಡು ಒಂದು ವರ್ಷ: ಯಾವ ಬಣ್ಣ ನಿಂತಿತು, ಯಾವುದು ಎದ್ದುಬಂತು

ಸಾಗರದಲ್ಲಿ 22 ವರ್ಷ ಬೋರ್ಡು ಬರೆದವನು ನಾನು. ಕಿರಾಣಿ ಅಂಗಡಿ, ಸೊಸೈಟಿ, ಲಾರಿಯ ಹಿಂದಿನ ‘ಸೌಂಡ್ ಹಾರ್ನ್’, ಯಕ್ಷಗಾನ ಮೇಳದ ಬ್ಯಾನರು, ಎಲ್ಲವೂ ಕುಂಚದಲ್ಲೇ. ಫ್ಲೆಕ್ಸ್ ಬಂತು, ಕೆಲಸ ಅರ್ಧಕ್ಕೆ ಇಳಿಯಿತು, ಆಮೇಲೆ ಕಾಲುಭಾಗಕ್ಕೆ. ಹೋದ ವರ್ಷ ಜೂನ್‌ನಲ್ಲಿ ಅಣ್ಣನ ಮಗ ಮೊಬೈಲ್‌ನಲ್ಲಿ ಒಂದು ವಿಡಿಯೋ ತೋರಿಸಿದ. ಯಾರೋ ಬೈಕ್ ಟ್ಯಾಂಕಿನ ಮೇಲೆ ಬೆಂಕಿ ಬಿಡಿಸುತ್ತಿದ್ದ. ಎಲ್ಲೂ ಕುಂಚ ತಾಗುತ್ತಿಲ್ಲ, ಬರೀ ಗಾಳಿ. ಅದೇ ಏರ್‌ಬ್ರಶ್, ಗಾಳಿಯ ಒತ್ತಡದಲ್ಲಿ ಬಣ್ಣ ಸಿಂಪಡಿಸುವ ಪೆನ್ನಿನಂಥ ಉಪಕರಣ. “ಚಿಕ್ಕಪ್ಪಾ, ಇದು ನಿಮ್ಮ ಕೈಲಿ ಆಗಲ್ವಾ?” ಅಂದ. ಆಗದೇ ಏನು ಅಂದೆ. ಆ ಒಂದು ಮಾತಿಗೆ ಇಲ್ಲಿಯವರೆಗೆ ಹೆಚ್ಚುಕಡಿಮೆ 26 ಸಾವಿರ ರೂಪಾಯಿ ಖರ್ಚಾಗಿದೆ. ಅದರಲ್ಲಿ ಎಷ್ಟು ಸುಮ್ನೆ ಹೋಯಿತು, ಎಷ್ಟು ಕೆಲಸಕ್ಕೆ ಬಂತು ಅಂತ ಹೇಳುತ್ತೇನೆ.

ಉಪಕರಣದ ಮಾತು ಬೇಗ ಮುಗಿಸುತ್ತೇನೆ. ನನಗೆ ಪಾಠ ಕಲಿಸಿದ್ದು ಅದಲ್ಲ. 0.3 ಮಿ.ಮೀ. ನಾಜಲ್‌ನ (ಬಣ್ಣ ಹೊರಬರುವ ತೂತು), ಮೇಲೆ ಬಣ್ಣದ ಬಟ್ಟಲಿರುವ, ಡ್ಯುಯಲ್ ಆಕ್ಷನ್ ಏರ್‌ಬ್ರಶ್ ತರಿಸಿದೆ. ಗುಂಡಿ ಕೆಳಗೆ ಒತ್ತಿದರೆ ಗಾಳಿ, ಹಿಂದಕ್ಕೆ ಎಳೆದರೆ ಬಣ್ಣ. ಹೆಸರಿಲ್ಲದ ಮಾಲು, 1,200 ರೂಪಾಯಿ. ಕಲಿಯೋದಕ್ಕೆ ಧಾರಾಳ ಸಾಕು. ಮೂರನೇ ವಾರ ತೊಳೆಯುವಾಗ, ಬಣ್ಣವನ್ನು ಅಳತೆಗೆ ಬಿಡುವ ಒಳಗಿನ ಸೂಜಿಯ ತುದಿ ಸಿಂಕಿಗೆ ತಾಗಿತು. ಕಣ್ಣಿಗೆ ಕಾಣದಷ್ಟು ಬಾಗಿತ್ತು ಅಷ್ಟೆ, ಆದರೆ ಗೆರೆ ಒಂದು ಪಕ್ಕಕ್ಕೆ ವಾಲಿಕೊಂಡೇ ಬರುತ್ತಿತ್ತು. ಅರ್ಧ ದಿನ ಬಣ್ಣವನ್ನೇ ಬೈದೆ. ಕೊಳ್ಳುವಾಗಲೇ ಜೊತೆಗೆ ಎರಡು ಸೂಜಿ ಜಾಸ್ತಿ ತರಿಸಿಕೊಳ್ಳಿ.

ಕಂಪ್ರೆಸರ್ ಮಾತ್ರ ಟ್ಯಾಂಕ್ ಇರುವುದನ್ನೇ ತಗೊಳ್ಳಿ. ನನ್ನದು 3 ಲೀಟರ್‌ನದು. ಒತ್ತಡ 4 ಬಾರ್‌ಗೆ ಬಂದರೆ ತಾನೇ ನಿಲ್ಲುತ್ತದೆ, 3ಕ್ಕೆ ಇಳಿದರೆ ತಾನೇ ಶುರುವಾಗುತ್ತದೆ. ಗಾಳಿ ತುಂಡು ತುಂಡಾಗಿ ಬರುವುದಿಲ್ಲ. ಕರೆಂಟ್ ಹೋದರೆ ಸುಮಾರು ಅರ್ಧ ನಿಮಿಷದ ಗಾಳಿ ಉಳಿದಿರುತ್ತದೆ. ನಮ್ಮ ಕಡೆ ಮಳೆಗಾಲದಲ್ಲಿ ಆ ಅರ್ಧ ನಿಮಿಷಕ್ಕೂ ಬೆಲೆ ಇದೆ, ಹಿಡಿದ ನೆರಳನ್ನು ಅಲ್ಲಿಗೆ ಮುಗಿಸಿ ಕೈ ತೆಗೆಯಬಹುದು. ಮಳೆಯದ್ದೇ ಇನ್ನೊಂದು ಕಾಟ ನೀರು. ಜುಲೈನಲ್ಲಿ ಇಪ್ಪತ್ತು ನಿಮಿಷ ಓಡಿಸಿದರೆ ಸಾಕು, ಗಾಳಿಯಲ್ಲಿದ್ದ ತೇವ ನೀರಾಗಿ, ಅದನ್ನು ಹಿಡಿಯಲೆಂದೇ ಇರುವ ಗಾಜಿನ ಬುರುಡೆಯಲ್ಲಿ ನಿಲ್ಲುತ್ತಿತ್ತು. ಅದನ್ನು ಖಾಲಿ ಮಾಡದೆ ಬಿಟ್ಟ ದಿನ ಒಂದು ಹನಿ ನೇರ ಬಂದು ನಾನು ಬಿಡಿಸುತ್ತಿದ್ದ ನವಿಲಿನ ಕುತ್ತಿಗೆ ಮೇಲೆ ಬಿತ್ತು. ಟ್ಯಾಂಕಿನ ಅಡಿಯಲ್ಲೂ ಒಂದು ತಿರುಪು ಇದೆ, ಅದನ್ನೂ ಬಿಚ್ಚಿ ನೀರು ಬಿಡಬೇಕು ಅಂತ ನನಗೆ ಗೊತ್ತಾಗಿದ್ದು ಎರಡು ತಿಂಗಳಾದ ಮೇಲೆ.

ಈಗ ಬಣ್ಣ. ಬೋರ್ಡಿನವನಲ್ವಾ, ಮನೆಯಲ್ಲಿ ಡಬ್ಬಿಗಟ್ಟಲೆ ಎನಾಮೆಲ್ ಇತ್ತು. ಟರ್ಪೆಂಟೈನ್ ಹಾಕಿ ತೆಳು ಮಾಡಿ ಹೊಡೆದೆ. ಬಂತು, ಚೆನ್ನಾಗಿಯೇ ಬಂತು. ಆದರೆ ಒಣಗಬೇಕಲ್ಲ! ಏರ್‌ಬ್ರಶ್ ಅಂದರೆ ಒಂದರ ಮೇಲೆ ಒಂದು ಹತ್ತು ಹದಿನೈದು ತೆಳು ಕೋಟ್. ಎನಾಮೆಲ್‌ನಲ್ಲಿ ಒಂದು ಕೋಟಿಗೇ ಒಂದು ರಾತ್ರಿ. ಬೆಳಗ್ಗೆ ನೋಡಿದರೆ ಮನೆಯ ಧೂಳೆಲ್ಲ ಅದರ ಮೇಲೆ. ಒಂದು ಸೊಳ್ಳೆ ಕೂಡ.

ಆಮೇಲೆ ಮಕ್ಕಳು ಚಿತ್ರ ಬಿಡಿಸುವ ಟ್ಯೂಬ್ ಅಕ್ರಿಲಿಕ್. ಕಂಪನಿ ಹೆಸರು ಬೇಡ, ಕಾಗದಕ್ಕೆ ಕುಂಚದಲ್ಲಿ ಹಚ್ಚಿದರೆ ಒಳ್ಳೆಯ ಬಣ್ಣವೇ. ನೀರು ಹಾಕಿ ಕಲಸಿದೆ, ಹೆಂಡತಿಯ ಹಳೇ ನೈಲಾನ್ ಸೀರೆಯ ತುಂಡಿನಲ್ಲಿ ಸೋಸಿದೆ. ಹದ ಹೇಳಬೇಕು ಅಂದರೆ ಕಾಯಿಸದ ಹಸುವಿನ ಹಾಲು. ಬಟ್ಟಲಿನ ಗೋಡೆಗೆ ಏರಿಸಿದರೆ ತೆಳ್ಳಗೆ ಬಳಿದುಕೊಂಡು ನಿಧಾನ ಇಳಿಯಬೇಕು. ಹದ ಸರಿಯಿದ್ದರೂ ಐದು ನಿಮಿಷಕ್ಕೊಮ್ಮೆ ಕಟ್ಟಿಕೊಳ್ಳುತ್ತಿತ್ತು. ಎರಡು ಕಾರಣ. ಆ ಬಣ್ಣದ ಪುಡಿ 0.3ರ ತೂತಿಗೆ ದಪ್ಪ. ಜೊತೆಗೆ ಅಕ್ರಿಲಿಕ್ ಬೇಗ ಒಣಗುತ್ತದೆ, ಸೂಜಿಯ ತುದಿಯಲ್ಲೇ ಒಣಗಿ ಅಕ್ಕಿಕಾಳಿನ ಮೂತಿಯಷ್ಟು ಕೂತುಬಿಡುತ್ತದೆ. ಗಾಳಿ ಬರುತ್ತದೆ, ಬಣ್ಣ ಬರುವುದಿಲ್ಲ. ಇನ್ನೂ ಎಳೆದರೆ ಪಿಚಕ್ ಅಂತ ಒಂದೇ ಸಲ ಉಗಿಯುತ್ತದೆ. ಇದು ಏರ್‌ಬ್ರಶ್‌ಗೆಂದೇ ಮಾಡಿದ ಬಣ್ಣದಲ್ಲೂ ತಪ್ಪಿದ್ದಲ್ಲ. ಆದರೆ ಅಲ್ಲಿ ಮೆತ್ತನೆಯ ಒದ್ದೆ ಬ್ರಶ್‌ನಿಂದ ತುದಿ ಒರೆಸಿದರೆ ಮುಗಿಯಿತು, ಒಂದೆರಡು ಹನಿ ರಿಟಾರ್ಡರ್ (ಬಣ್ಣ ಒಣಗುವುದನ್ನು ತಡಮಾಡುವ ದ್ರವ) ಹಾಕಿದರೆ ಇನ್ನೂ ತಡವಾಗುತ್ತದೆ.

ಕೊನೆಗೆ ಕೈ ಹಿಡಿದಿದ್ದು ಎರಡು. ಅಮೆರಿಕದ ಕ್ರಿಯೇಟೆಕ್ಸ್‌ನ ವಿಕೆಡ್ ಬಣ್ಣಗಳು, ಮತ್ತು ಸ್ಪೇನ್‌ನ ವಲ್ಲೆಹೊ ಮಾಡೆಲ್ ಏರ್. ವಲ್ಲೆಹೊದ ಬಾಟಲಿ ಕಣ್ಣಿನ ಔಷಧಿಯ ಹಾಗೆ, ಹನಿ ಹನಿ ಬಟ್ಟಲಿಗೆ ಬಿಟ್ಟರೆ ಆಯಿತು. ತೆಳು ಮಾಡುವ ಗೋಜು ಕಡಿಮೆ, 15ರಿಂದ 20 ಪಿಎಸ್‌ಐ ಗಾಳಿಯ ಒತ್ತಡಕ್ಕೆ ಮೆತ್ತಗೆ ಹೋಗುತ್ತದೆ. ಗೊಂಬೆ, ಸಣ್ಣ ಮಾಡೆಲ್‌ಗೆ ಇದಕ್ಕೆ ಸಾಟಿ ನಾನು ನೋಡಿಲ್ಲ. ಆದರೆ ಅಷ್ಟು ಚಿಕ್ಕ ಬಾಟಲಿ ಹಿಡಿದುಕೊಂಡು ಬೈಕ್ ಟ್ಯಾಂಕಿಗೆ ಹೊರಟರೆ ಜೇಬು ಖಾಲಿ. ದೊಡ್ಡ ಕೆಲಸಕ್ಕೆ ವಿಕೆಡ್. ಅದಕ್ಕೆ ಅವರದೇ ರೆಡ್ಯೂಸರ್, ಅಂದರೆ ತೆಳು ಮಾಡುವ ದ್ರವ, ಬೇಕು. ನಲ್ಲಿ ನೀರಿನಲ್ಲಿ ತೆಳು ಮಾಡಿದರೆ ಬಣ್ಣದ ಹಿಡಿತವೇ ಹೋಗುತ್ತದೆ. ಕಬಡ್ಡಿ ತಂಡದ 14 ಟೀ ಶರ್ಟಿಗೆ ಇದನ್ನೇ ಹೊಡೆದೆ. ಬಟ್ಟೆಗಾದರೆ ಒಣಗಿದ ಮೇಲೆ ಕಾಗದ ಇಟ್ಟು ಇಸ್ತ್ರಿ ಹಾಕಲೇಬೇಕು, ಬಿಸಿಗೇ ಬಣ್ಣ ಕಚ್ಚಿಕೊಳ್ಳುವುದು. ಅವಸರದಲ್ಲಿ ಇಸ್ತ್ರಿ ತಪ್ಪಿದ ಒಂದು ಶರ್ಟು ಮೂರು ಒಗೆತಕ್ಕೆ ಮಾಸಿತು. ಅದು ಕ್ಯಾಪ್ಟನ್‌ದೇ ಆಗಬೇಕಾ?

ಬೋರ್ಡಿನವರಿಗೆ ಒಂದು ಮಾತು. ನಮಗೆ ಎನಾಮೆಲ್‌ನಿಂದ ಒಂದು ಅಭ್ಯಾಸ ಬಿದ್ದಿರುತ್ತದೆ, ಮೇಲೆ ಹಚ್ಚಿದ ಬಣ್ಣ ಕೆಳಗಿನದನ್ನು ಮುಚ್ಚುತ್ತದೆ ಅಂತ. ಇಲ್ಲಿ ಬಣ್ಣದಲ್ಲೇ ಎರಡು ಜಾತಿ, ಪಾರದರ್ಶಕ ಮತ್ತು ಮುಚ್ಚುವ ಬಣ್ಣ. ನಾನು ಪಾರದರ್ಶಕ ಕೆಂಪು ತಂದು ಕಪ್ಪು ತಗಡಿನ ಮೇಲೆ ಹೊಡೆದೆ. ಹೊಡೆದೆ, ಹೊಡೆದೆ, ಏನೂ ಕಾಣಲಿಲ್ಲ. ಮೋಸ ಹೋದೆ ಅಂದುಕೊಂಡೆ. ಪಕ್ಕದಲ್ಲಿ ಟೆಸ್ಟ್ ನೋಡಲು ಇಟ್ಟಿದ್ದ ಬಿಳಿ ಕಾಗದದ ಮೇಲೆ ಅದೇ ಕೆಂಪು ದಾಸವಾಳದ ಹಾಗೆ ಹೊಳೆಯುತ್ತಿತ್ತು. ಬೆಂಕಿ ಬರೆಯುವ ಗುಟ್ಟು ಅದೇ. ಮೊದಲು ಬಿಳಿಯಲ್ಲಿ ಜ್ವಾಲೆಯ ಆಕಾರ, ಅದರ ಮೇಲೆ ಪಾರದರ್ಶಕ ಹಳದಿ, ಅಂಚಿಗೆ ಕಿತ್ತಳೆ, ತುದಿಗೆ ಕೆಂಪು. ಒಳಗಿನ ಬಿಳಿಯೇ ಬೆಳಕು ಕೊಡುವುದು.

ಇನ್ನು ಯಾವುದರ ಮೇಲೆ ಹೊಡೆಯಬೇಕು ಅನ್ನುವುದು. ಕಲಿಯೋದಕ್ಕೆ ದಪ್ಪ ಡ್ರಾಯಿಂಗ್ ಕಾಗದ ಸಾಕು. ನಾನು ಒಂದು ತಿಂಗಳು ಬರೀ ಚುಕ್ಕಿ, ಗೆರೆ, ಒಂದು ತುದಿ ದಪ್ಪ ಇನ್ನೊಂದು ತುದಿ ಕೂದಲೆಳೆ. ಕಾಗದ ನೀರು ಹೀರುತ್ತದೆ, ತಪ್ಪನ್ನು ಕ್ಷಮಿಸುತ್ತದೆ. ಆ ಧೈರ್ಯದಲ್ಲಿ ನುಣ್ಣಗಿನ ಸನ್‌ಬೋರ್ಡ್ (ಹಗುರ ಪ್ಲಾಸ್ಟಿಕ್ ಹಲಗೆ) ಮೇಲೆ ಹೋದೆ ನೋಡಿ, ಬಣ್ಣ ಜೇಡನ ಕಾಲಿನ ಹಾಗೆ ನಾಲ್ಕೂ ಕಡೆ ಓಡಿತು. ಕೈ ಹತ್ತಿರ ಇತ್ತು, ಬಣ್ಣ ನೀರಾಗಿತ್ತು, ಗಾಳಿ ಜಾಸ್ತಿ ಇತ್ತು. ನುಣುಪಿನ ಮೇಲೆ ಮೊದಲ ಎರಡು ಕೋಟ್ ಮಂಜು ಕೂತ ಹಾಗೆ ಕೂರಬೇಕು, ಒದ್ದೆ ಕಾಣಬಾರದು.

ತಗಡಿಗಾದರೆ ನೇರ ಬಣ್ಣ ಬೇಡವೇ ಬೇಡ. ಹಳೇ ಬಣ್ಣ ಗಟ್ಟಿ ಇದ್ದರೆ 600ರ ವಾಟರ್ ಪೇಪರ್‌ನಲ್ಲಿ ನೀರು ಹಾಕಿ ಉಜ್ಜಿ, ಹೊಳಪು ಪೂರ್ತಿ ಸತ್ತಿರಬೇಕು. ಬೆರಳಿನ ಎಣ್ಣೆ ಕೂಡ ಬಣ್ಣವನ್ನು ಬಿಡಿಸುತ್ತದೆ, ಅದಕ್ಕೇ ಉಜ್ಜಿದ ಮೇಲೆ ಬರಿಗೈ ತಾಗಿಸಬೇಡಿ. ಆಮೇಲೆ ಪ್ರೈಮರ್, ಅಂದರೆ ಬಣ್ಣ ಹಿಡಿದುಕೊಳ್ಳಲು ಮೊದಲು ಹೊಡೆಯುವ ತಳದ ಕೋಟ್.

ಮರಕ್ಕೂ ಮೊದಲು ಪ್ರೈಮರ್ ಬೇಕು, ಇಲ್ಲದಿದ್ದರೆ ಹೀರಿಕೊಂಡೇ ಹೋಗುತ್ತದೆ. ಮರದ ಮಾತು ಬಂದಾಗ ಒಂದು ನೆನಪು. ಒಬ್ಬ ಹೋಮ್‌ಸ್ಟೇಯವರು ಮರದ ಹಲಗೆ ಮೇಲೆ ಏರ್‌ಬ್ರಶ್‌ನಲ್ಲಿ ಹಸೆ ಚಿತ್ತಾರ ಹಾಕಿಕೊಡಿ ಅಂದರು. ಆಗಲ್ಲ ಅಂದೆ. ಕೆಮ್ಮಣ್ಣಿನ ಮೇಲೆ ಪುಂಡಿ ನಾರಿನ ಕುಂಚದಲ್ಲಿ ಅಕ್ಕಿಹಿಟ್ಟಿನ ಗೆರೆ ಎಳೆಯುವ ದೀವರ ಹೆಣ್ಣುಮಕ್ಕಳು ನಮ್ಮೂರಲ್ಲೇ ಇದ್ದಾರೆ. ಆ ಗೆರೆಗೆ ಅಂಚು ಬೇಕು. ಏರ್‌ಬ್ರಶ್‌ಗೆ ಅಂಚೇ ಇಲ್ಲ, ಅದರ ಚೆಂದ ಇರುವುದೇ ಅಂಚು ಕರಗುವುದರಲ್ಲಿ.

ಮಣ್ಣಿನ ಗಣಪತಿಗೂ ಒಮ್ಮೆ ಕೈ ಹಾಕಿದೆ. ಸುಡದ ಮಣ್ಣು, ಒದ್ದೆ ಜಾಸ್ತಿಯಾದರೆ ಮೆತ್ತಗಾಗುತ್ತದೆ, ಅದಕ್ಕೆ ಏರ್‌ಬ್ರಶ್‌ನ ಒಣ ಕೋಟ್ ಚೆನ್ನಾಗಿ ಒಪ್ಪುತ್ತದೆ. ಆದರೆ ಅಕ್ರಿಲಿಕ್ ಒಣಗಿದರೆ ಪ್ಲಾಸ್ಟಿಕ್ ಪರೆಯೇ, ಬಿಟ್ಟ ಬಾವಿಯಲ್ಲಿ ಸುಲಿದುಕೊಂಡು ತೇಲುತ್ತದೆ. ಕಾವಿ ಕಲಸಿ ಹಾಕಿ ನೋಡಿದೆ. ಎಷ್ಟು ಸೋಸಿದರೂ 0.3 ಕಟ್ಟಿಕೊಂಡಿತು. ಗಣಪತಿ ಮತ್ತೆ ಕುಂಚಕ್ಕೆ.

ಈಗ ಟ್ಯಾಂಕಿನ ಕತೆ. ಅಣ್ಣನ ಮಗನ ಹತ್ತಿರ ಒಂದು ಆರ್‌ಎಕ್ಸ್ 100 ಇದೆ, ಅವನ ಜೀವ ಅದರಲ್ಲೇ. ಅದರ ಟ್ಯಾಂಕಿಗೆ ಮೇಲೆ ಹೇಳಿದ ಬೆಂಕಿ ಬರೆದೆ. ನಾಲ್ಕು ದಿನದ ಕೆಲಸ. ಕೊನೆಗೆ ಹಾರ್ಡ್‌ವೇರ್ ಅಂಗಡಿಯ ಒಂದು ಸ್ಪ್ರೇ ಡಬ್ಬಿ ಕ್ಲಿಯರ್, ಅಂದರೆ ಚಿತ್ರದ ಮೇಲೆ ಹೊಡೆಯುವ ಬಣ್ಣವಿಲ್ಲದ ಹೊಳಪು, ಮೂರು ಕೋಟ್ ಹೊಡೆದೆ. ಕನ್ನಡಿ! ಬೀದಿಯವರೆಲ್ಲ ಬಂದು ನೋಡಿದರು. ಹನ್ನೊಂದನೇ ದಿನ ಹುಡುಗ ಪೆಟ್ರೋಲ್ ಹಾಕಿಸಿಕೊಂಡು ಬಂದ. ಮುಚ್ಚಳದ ಸುತ್ತ ಒಂದಿಷ್ಟು ಚೆಲ್ಲಿತ್ತು, ಅಂಗೈಯಲ್ಲಿ ಒರೆಸಿದನಂತೆ. ಆ ಅಂಗೈಯನ್ನು ನನಗೆ ತೋರಿಸಿದ. ಕಿತ್ತಳೆ ಬಣ್ಣ. ಟ್ಯಾಂಕಿನ ಮುಚ್ಚಳದ ಸುತ್ತ ಕ್ಲಿಯರ್ ಬಿಸಿ ಹಾಲಿನ ಕೆನೆಯ ಹಾಗೆ ಸುಕ್ಕುಗಟ್ಟಿ ಎದ್ದಿತ್ತು. ಅವನು ಏನೂ ಅನ್ನಲಿಲ್ಲ. “ಇರ್ಲಿ ಬಿಡಿ ಚಿಕ್ಕಪ್ಪಾ” ಅಂತ ಒಳಗೆ ಹೋದ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ನಾನು ಮಾಡಿದ್ದು ಉಲ್ಟಾ. ಮೊದಲು ಬಣ್ಣ ಕೊಂಡೆ, ಆಮೇಲೆ ಎಲ್ಲಿ ಹೊಡೆಯಲಿ ಅಂತ ನೋಡಿದೆ, ಕ್ಲಿಯರ್ ಅನ್ನು ಕೊನೆಯ ಹೊಳಪು ಅಷ್ಟೇ ಅಂದುಕೊಂಡೆ. ವಸ್ತು ಎಲ್ಲಿ ಇರುತ್ತದೆ, ಅದರ ಮೇಲೆ ಬಿಸಿಲು ಬೀಳುತ್ತದಾ, ಪೆಟ್ರೋಲ್ ಬೀಳುತ್ತದಾ, ಸೋಪಿನ ನೀರಾ? ಅದನ್ನು ನೋಡಿ ಮೊದಲು ಕ್ಲಿಯರ್ ಆರಿಸಬೇಕಿತ್ತು. ಡಬ್ಬಿಯಲ್ಲಿ ಬರುವ ಸಾದಾ ಕ್ಲಿಯರ್ ಬರೀ ಥಿನ್ನರ್ ಆರಿ ಗಟ್ಟಿಯಾಗುವಂಥದ್ದು, ಪೆಟ್ರೋಲ್ ಬಿದ್ದರೆ ಮತ್ತೆ ಮೆತ್ತಗಾಗುತ್ತದೆ. ಗೋಡೆಗೆ ತೂಗುವ ಚಿತ್ರಕ್ಕೆ ಅದು ಸಾಕು. ಅದನ್ನೂ ಮಳೆಗಾಲದಲ್ಲಿ ಹೊಡೆಯಬೇಡಿ, ತೇವಕ್ಕೆ ಮಂಜು ಕವಿದ ಹಾಗೆ ಬಿಳಿಚಿಕೊಳ್ಳುತ್ತದೆ. ಟ್ಯಾಂಕಿಗೆ ಬೇಕಾದದ್ದು ಟೂ-ಕೆ, ಅಂದರೆ ಹಾರ್ಡನರ್ (ಗಟ್ಟಿ ಮಾಡುವ ದ್ರವ) ಬೆರೆಸಿ ಹೊಡೆಯುವ ಪಿಯು, ಅಂದರೆ ಪಾಲಿಯುರೆಥೇನ್ ಕ್ಲಿಯರ್. ಅದು ಒಣಗುವುದಲ್ಲ, ಒಳಗೇ ಕಚ್ಚಿಕೊಂಡು ಗಟ್ಟಿಯಾಗುವುದು. ಆಮೇಲೆ ಪೆಟ್ರೋಲ್ ಹನಿ ಬಿದ್ದರೂ ಒರೆಸಿದರೆ ಮುಗಿಯಿತು.

ಆದರೆ ಟೂ-ಕೆಯನ್ನು ಮನೆಯಲ್ಲಿ ಹೊಡೆಯಬೇಡಿ. ಈ ಒಂದು ವಿಷಯದಲ್ಲಿ ನಾನು ಹಟ ಹಿಡಿದು ಹೇಳುತ್ತೇನೆ. ಅದರ ಹಾರ್ಡನರ್‌ನಲ್ಲಿ ಐಸೋಸಯನೇಟ್ ಇರುತ್ತದೆ. ಉಸಿರಿನಲ್ಲಿ ಒಳಗೆ ಹೋದರೆ ಅಸ್ತಮಾ ಬರಿಸುವ ಸಾಮಾನು, ಒಮ್ಮೆ ಮೈಗೆ ಆಗದೆ ಹೋದರೆ ಆಮೇಲೆ ಸ್ವಲ್ಪವೇ ತಾಗಿದರೂ ಉಸಿರು ಕಟ್ಟುತ್ತದೆ. ಕೊರೊನಾ ಕಾಲದ ಬಟ್ಟೆ ಮಾಸ್ಕ್ ಅದಕ್ಕೆ ಲೆಕ್ಕವೇ ಅಲ್ಲ. ನಾನೀಗ ಚಿತ್ರ ಮುಗಿಸಿ, ಟ್ಯಾಂಕನ್ನು ಹಳೇ ಬೆಡ್‌ಶೀಟಿನಲ್ಲಿ ಸುತ್ತಿ ಶಿವಮೊಗ್ಗದ ಒಂದು ಕಾರ್ ಪೇಂಟಿಂಗ್ ಶೆಡ್ಡಿಗೆ ಕೊಡುತ್ತೇನೆ. ಅಲ್ಲಿ ಗಾಳಿ ಎಳೆಯುವ ಬೂತ್ ಇದೆ, ಹೊರಗಿನ ಗಾಳಿ ಕೊಡುವ ಮುಖವಾಡ ಇದೆ. ಹೋಗಿಬರಲು 140 ಕಿಲೋಮೀಟರ್, ಟ್ಯಾಂಕಿಗೆ 1,500. ಆ ದುಡ್ಡು ಗಿರಾಕಿಯ ಬಿಲ್ಲಿನಲ್ಲೇ ಸೇರಿಸುತ್ತೇನೆ. ಕಾರಣ ಹೇಳಿದರೆ ಯಾರೂ ಚೌಕಾಸಿ ಮಾಡುವುದಿಲ್ಲ. ನೀರಿನ ಬಣ್ಣ ಹೊಡೆಯುವಾಗಲೂ ನಾನು ಕಾರ್ಟ್ರಿಡ್ಜ್ ಮಾಸ್ಕ್ ಹಾಕುತ್ತೇನೆ. ಮೊದಲೆಲ್ಲ ಹಾಕುತ್ತಿರಲಿಲ್ಲ, ಒಂದು ಸಂಜೆ ಮೂಗು ಸೀನಿದರೆ ಕರವಸ್ತ್ರ ನೀಲಿ.

ಹೊಳಪೇ ಎಲ್ಲಕ್ಕೂ ಬೇಕು ಅಂತಲೂ ಇಲ್ಲ. ಗಿರಾಕಿಗಳು “ಶೈನಿಂಗ್ ಇರ್ಲಿ” ಅಂತಲೇ ಶುರುಮಾಡುತ್ತಾರೆ. ಟ್ಯಾಂಕಿಗೆ ಸರಿ, ಅಲ್ಲಿ ಹೊಳಪು ಬಣ್ಣಕ್ಕೆ ಆಳ ಕೊಡುತ್ತದೆ. ಮುಖ ಬಿಡಿಸಿದ ಚಿತ್ರಕ್ಕೆ ಮಾತ್ರ ಮ್ಯಾಟ್ ವಾರ್ನಿಷ್ ಹಾಕಿ ನೋಡಿ. ಟ್ಯೂಬ್‌ಲೈಟ್ ಕೆಳಗೆ ಹೊಳಪಿನ ಕ್ಲಿಯರ್‌ನಲ್ಲಿ ತೀರಿಕೊಂಡ ಅಜ್ಜನ ಮುಖ ಕಾಣುವುದಿಲ್ಲ, ಟ್ಯೂಬ್‌ಲೈಟೇ ಕಾಣುತ್ತದೆ.

ಹೆಲ್ಮೆಟ್ ತರುವವರೂ ಇದ್ದಾರೆ, ವಾಪಸ್ ಕಳಿಸುತ್ತೇನೆ. ಚಿಪ್ಪು ಪ್ಲಾಸ್ಟಿಕ್‌ದಾದರೆ ಥಿನ್ನರ್ ಅದನ್ನು ಒಳಗೊಳಗೇ ಒಡೆದುಹೋಗುವಷ್ಟು ಪೆಡಸು ಮಾಡಬಹುದು. ಅನೇಕ ಹೆಲ್ಮೆಟ್‌ಗಳ ಒಳಗಿನ ಚೀಟಿಯಲ್ಲೇ ಬಣ್ಣ, ಪೆಟ್ರೋಲ್ ತಾಗಿಸಬೇಡಿ ಅಂತ ಇರುತ್ತದೆ. ತಲೆಯ ವಿಷಯದಲ್ಲಿ ನನಗೆ ಪ್ರಯೋಗ ಬೇಡ.

ಆರ್‌ಎಕ್ಸ್ ಟ್ಯಾಂಕನ್ನು ಪೂರ್ತಿ ಕೆರೆದು ಮತ್ತೆ ಬರೆದುಕೊಟ್ಟೆ, ದುಡ್ಡು ತಗೊಳ್ಳಲಿಲ್ಲ. ಶೆಡ್ಡಿನಿಂದ ಬಂದ ದಿನ ಹುಡುಗನ ಕಣ್ಣೆದುರೇ ಬಟ್ಟೆಗೆ ಪೆಟ್ರೋಲ್ ಅದ್ದಿ ಮುಚ್ಚಳದ ಸುತ್ತ ಉಜ್ಜಲು ಹೋದೆ. ಅವನು ಕೈ ಹಿಡಿದುಕೊಂಡ. “ನಂಬ್ತೀನಿ ಚಿಕ್ಕಪ್ಪಾ, ಬೇಡ” ಅಂದ. ಅವನು ಅಂಗಡಿಗೆ ಹೋದ ಮೇಲೆ ಉಜ್ಜಿ ನೋಡಿದೆ. ಬಟ್ಟೆ ಬೆಳ್ಳಗೇ ಇತ್ತು.