ಮಿಶೆಲ್ ಗಾಂಡ್ರಿ ಡಿವಿಡಿ: ಮ್ಯೂಸಿಕ್ ವಿಡಿಯೋ ಹುಚ್ಚು ಇರೋರು ಹುಡುಕಿಯಾದ್ರೂ ತಗೊಳ್ಳಿ

ಪಾಮ್ ಪಿಕ್ಚರ್ಸ್‌ನವ್ರು 2003ರಲ್ಲಿ ಡೈರೆಕ್ಟರ್ಸ್ ಲೇಬಲ್ ಅಂತ ಒಂದು ಡಿವಿಡಿ ಸೀರೀಸ್ ತಂದಿದ್ರು, ಒಂದೊಂದು ಡಿವಿಡೀಲಿ ಒಬ್ಬೊಬ್ಬ ಡೈರೆಕ್ಟರ್ ಮಾಡಿದ ಮ್ಯೂಸಿಕ್ ವಿಡಿಯೋಗಳು, ಮೊದ್ಲು ಸ್ಪೈಕ್ ಜೋನ್ಜ್, ಕ್ರಿಸ್ ಕನಿಂಗ್‌ಹ್ಯಾಮ್, ಮಿಶೆಲ್ ಗಾಂಡ್ರಿ, 2005ರಲ್ಲಿ ಇನ್ನೂ ನಾಲ್ಕು ಜನರದ್ದು. ನಾನು ಹೇಳ್ತಿರೋದು ಫ್ರೆಂಚ್ ಡೈರೆಕ್ಟರ್ ಗಾಂಡ್ರಿದು. ಎಲ್ಲಾ ಯೂಟ್ಯೂಬಲ್ಲೇ ಫ್ರೀಯಾಗಿ ಸಿಗುತ್ತಲ್ಲ, ದುಡ್ಡು ಕೊಟ್ಟು ಯಾಕೆ ತಗೋಬೇಕು ಅಂತ ಕೇಳ್ಬೋದು. ಒಬ್ಬನೇ ಮನುಷ್ಯ ಮಾಡಿದ್ದನ್ನ ಒಟ್ಟಿಗೆ ಕೂತು ನೋಡಿದಾಗ ಆಗೋ ಅನುಭವಾನೇ ಬೇರೆ, ಅದಕ್ಕೆ.

ಎಂಟಿವಿ 1981ರಲ್ಲಿ ಶುರುವಾಯ್ತು, ಆದ್ರೆ ವಿಡಿಯೋ ಜೊತೆ ಡೈರೆಕ್ಟರ್ ಹೆಸರು ಹಾಕೋಕೆ ಶುರು ಮಾಡಿದ್ದು 1992ರ ಕೊನೇಲಿ. ಅಲ್ಲೀವರೆಗೂ ಹಾಡೋರ ಹೆಸರು, ಆಲ್ಬಂ ಹೆಸರು, ಅಷ್ಟೇ. ಗಾಂಡ್ರಿ ಬಂದಿದ್ದು ಸರಿಯಾಗಿ ಆ ಟೈಮಿಗೆ. ಅವ್ರು ವೀ ವೀ ಅನ್ನೋ ಫ್ರೆಂಚ್ ಬ್ಯಾಂಡಲ್ಲಿ ಡ್ರಮ್ಮರ್, ತಮ್ಮ ಬ್ಯಾಂಡಿಗೆ ತಾವೇ ವಿಡಿಯೋ ಮಾಡ್ಕೊಳ್ತಿದ್ರು, ಅದನ್ನ ನೋಡಿ ಐಸ್‌ಲ್ಯಾಂಡಿನ ಗಾಯಕಿ ಬ್ಯೋರ್ಕ್ ಕರೆದ್ರು, 1993ರಲ್ಲಿ ಆಕೆಯ ಹ್ಯೂಮನ್ ಬಿಹೇವಿಯರ್ ಹಾಡಿನ ವಿಡಿಯೋ ಬಂತು. ಗಾಂಡ್ರಿ ಡ್ರಮ್ಮರ್ ಆಗಿದ್ದಿದ್ದು ಅವ್ರ ಕೆಲ್ಸದಲ್ಲಿ ಎದ್ದು ಕಾಣುತ್ತೆ, ಹಾಡಿನ ಸಾಹಿತ್ಯಕ್ಕಿಂತ ತಾಳ ಹಿಡ್ಕೊಂಡು ಹೋಗ್ತಾರೆ.

ಫ್ರೆಂಚ್ ಎಲೆಕ್ಟ್ರಾನಿಕ್ ಸಂಗೀತದ ಜೋಡಿ ಡಾಫ್ಟ್ ಪಂಕ್‌ನ ಅರೌಂಡ್ ದಿ ವರ್ಲ್ಡ್ (1997) ನೋಡಿ. ರೋಬೋಟ್ ವೇಷದವ್ರು ಅಂದ್ರೆ ದನಿ, ಅಥ್ಲೀಟ್‌ಗಳು ಬೇಸ್, ಅಸ್ಥಿಪಂಜರಗಳು ಗಿಟಾರ್, ಈಜಿಪ್ಟಿನ ಮಮ್ಮಿ (ಬಟ್ಟೆ ಸುತ್ತಿದ ಹೆಣ) ವೇಷದವ್ರು ಡ್ರಮ್ ಮಷೀನ್, ಒಂದೊಂದು ವಾದ್ಯ ಬಂದಾಗ ಆ ಗುಂಪು ಕುಣಿಯುತ್ತೆ. ಇದು ಗೊತ್ತಾದ್ಮೇಲೆ ಹಾಡು ಕೇಳೋ ರೀತೀನೇ ಬದಲಾಗೋಗುತ್ತೆ.

ಆದ್ರೆ ನನ್ನ ಪ್ರಾಣ ಅಂದ್ರೆ ಬ್ರಿಟಿಷ್ ಎಲೆಕ್ಟ್ರಾನಿಕ್ ಸಂಗೀತದ ಜೋಡಿ ಕೆಮಿಕಲ್ ಬ್ರದರ್ಸ್‌ದು, ಸ್ಟಾರ್ ಗಿಟಾರ್ (2002). ರೈಲಿನ ಕಿಟಕಿಯಿಂದ ಕಾಣೋದಷ್ಟೇ ಇಡೀ ವಿಡಿಯೋ, ಹಾಡೋರೂ ಇಲ್ಲ ಕುಣಿಯೋರೂ ಇಲ್ಲ. ಮೊದ್ಲು ಇದೇನಪ್ಪಾ ಅನ್ಸುತ್ತೆ, ನೋಡ್ತಾ ನೋಡ್ತಾ ತಟ್ಟಂತ ಹೊಳೆಯುತ್ತೆ, ಕಂಬ, ಕಟ್ಟಡ, ಎದುರಿಂದ ಬರೋ ರೈಲು ಎಲ್ಲಾ ಬೀಟಿಗೆ ಸರಿಯಾಗೇ ಬರ್ತಿದೆ! ಫ್ರಾನ್ಸಲ್ಲಿ ನೀಮ್‌ನಿಂದ ವಲಾನ್ಸ್‌ವರೆಗಿನ ರೈಲು ದಾರೀಲಿ ಬೇರೆ ಬೇರೆ ಹೊತ್ತಲ್ಲಿ ಮತ್ತೆ ಮತ್ತೆ ಶೂಟ್ ಮಾಡಿ ಕಂಪ್ಯೂಟರಲ್ಲಿ ಜೋಡ್ಸಿರೋದು. ಅದಕ್ಕೂ ಮುಂಚೆ ಗ್ರಾಫ್ ಹಾಳೇಲಿ ಹಾಡನ್ನ ಬರ್ಕೊಂಡು, ಕಿತ್ತಳೆ ಹಣ್ಣು, ಫೋರ್ಕು, ಕ್ಯಾಸೆಟ್ಟು, ಶೂ ಎಲ್ಲಾ ಸಾಲಾಗಿಟ್ಟು ಲೆಕ್ಕ ಹಾಕಿದ್ದಾರೆ.

ಇನ್ನು ಈ ಡಿವಿಡೀಲಿ ಗಾಯಕಿ ಕೈಲಿ ಮಿನೋಗ್‌ದು, ಲೆಗೋ ಆಟದ ಇಟ್ಟಿಗೇಲಿ ಮಾಡಿದ ವೈಟ್ ಸ್ಟ್ರೈಪ್ಸ್ ಬ್ಯಾಂಡ್‌ದು, ಪರದೆ ಎರಡು ಭಾಗ ಆಗಿ ಒಂದು ಕಡೆ ಮುಂದಕ್ಕೆ ಇನ್ನೊಂದು ಕಡೆ ಹಿಂದಕ್ಕೆ ಓಡೋ ಚಿಬೋ ಮಾಟ್ಟೋ ಬ್ಯಾಂಡಿಂದು ಎಲ್ಲಾ ಇದೆ. ಐ ಹ್ಯಾವ್ ಬೀನ್ ಟ್ವೆಲ್ವ್ ಫಾರೆವರ್ ಅನ್ನೋ, ಗಾಂಡ್ರಿ ಬಗ್ಗೇನೇ ಇರೋ ಡಾಕ್ಯುಮೆಂಟರಿ ಮಾತ್ರ ಮಿಸ್ ಮಾಡ್ಬೇಡಿ, ಅವ್ರ ಫ್ರೆಂಚ್ ಧಾಟಿಯ ಇಂಗ್ಲಿಷ್‌ಗೆ ಕಿವಿ ಹೊಂದ್ಕೊಳ್ಳೋಕೆ ಸ್ವಲ್ಪ ಟೈಮ್ ಬೇಕು.

ಕೊರತೆ ಇಲ್ವಾ ಅಂದ್ರೆ ಇದೆ. ಡಿವಿಡಿ ಕ್ವಾಲಿಟಿ, ದೊಡ್ಡ ಟಿವೀಲಿ ಮಸುಕು ಮಸುಕು, ಸ್ಟಾರ್ ಗಿಟಾರ್ ತರದ್ದಕ್ಕೆ ಇದು ನಿಜವಾಗ್ಲೂ ಬೇಜಾರು. ಈಗ ಸೆಕೆಂಡ್ ಹ್ಯಾಂಡೇ ಗತಿ, ತಗೊಳ್ಳೋ ಮುಂಚೆ ರೀಜನ್ ಕೋಡ್ (ಡಿಸ್ಕ್ ಯಾವ ಭಾಗದ ದೇಶಗಳ ಪ್ಲೇಯರಲ್ಲಿ ಓಡುತ್ತೆ ಅನ್ನೋ ಗುರುತು) ನಿಮ್ಮ ಪ್ಲೇಯರಿಗೆ ಆಗುತ್ತಾ ನೋಡ್ಕೊಳ್ಳಿ, ಜೊತೇಲಿ ಬರೋ ಪುಸ್ತಕ ಇದೆಯಾ ಅಂತ ಫೋಟೋ ಕಳ್ಸೋಕೆ ಹೇಳಿ, ನನಗೆ ಮಾರಿದವ್ರು ಪುಸ್ತಕ ಇಲ್ದೇ ಬರೀ ಡಿಸ್ಕ್ ಕಳ್ಸಿದ್ರು. ವಿಡಿಯೋ ಎಡಿಟಿಂಗ್ ಕಲೀತಿರೋ ಹುಡುಗ್ರು ಹುಡುಗೀರು ಮನೇಲಿದ್ರೆ ಅವ್ರಿಗೆ ಮೊದ್ಲು ಕೊಡಿ.